ಯೂನಿಯನ್ ಸಿಟಿಯ ಎಂಟನೆಯ ಬ್ಯಾರನ್

"ಕೈ ಗಟ್ಟಿ ಮಾಡ್ಬೇಡ ಮಾರಾಯ, ಸಡಿಲ ಬಿಡು," ಎನ್ನುತ್ತ ಸೌದಾಮಿನಿ ಡೆರಿಕ್‌ನ ಕಿರುಬೆರಳಿಗೆ ಇನ್ನಷ್ಟು ತೆಂಗಿನೆಣ್ಣೆ ಸವರಿ ಉಂಗುರವನ್ನು ಒತ್ತಿದರು. ಅದು ಗೆಣ್ಣಿನ ಹತ್ತಿರ ಬಂದು ಹಟ ಹಿಡಿದು ನಿಂತಿತು. ನಲವತ್ತು ವರ್ಷದ, ಆರಡಿ ಎತ್ತರದ, ಏರ್ ಕಂಡಿಷನರ್ ರಿಪೇರಿ ಮಾಡಿ ಮಾಡಿ ಕೈಯೆಲ್ಲ ಒರಟಾದ ಆ ಬಿಳಿಯ ಮನುಷ್ಯ, ಅಡುಗೆಮನೆಯ ಸಿಂಕಿನ ಮುಂದೆ ಉಗುರು ತೋರಿಸುವ ಶಾಲೆಯ ಹುಡುಗನ ಹಾಗೆ ಕೈ ಚಾಚಿ ನಿಂತಿದ್ದ.

"ಮಾಮಿ, ನಂಗೆ ಒಂದು ವಿಷಯ ಹೇಳ್ಲಿಕ್ಕುಂಟು," ಎಂದ. ಅವನ ಕನ್ನಡ ಅಪ್ಪಟ ಕಾರ್ಕಳದ್ದು, ಉಚ್ಚಾರ ಮಾತ್ರ ಅಮೆರಿಕದ ಫ್ರೆಸ್ನೋದ್ದು.

"ಎಂತ ವಿಷಯ ಇದ್ರೂ ವಾಪಸ್ ಬಂದ ಮೇಲೆ. ಹತ್ತು ಗಂಟೆಗೆ ನಾವು ಅಲ್ಲಿರ್ಬೇಕು. ಹಾ, ಹೋಯ್ತು ನೋಡು! ಸರಿಯಾಗ್ತದೆ. ಈಗ ತೆಗಿ. ಮಧ್ಯಾಹ್ನ ಎಲ್ಲರ ಎದುರು ನಾನೇ ತೊಡಿಸ್ತೇನೆ."

"ಅಮ್ಮಾ, ಕಾರ್ ಈಸ್ ರನ್ನಿಂಗ್," ಎಂದು ಮಗಳು ತನ್ವಿ ಬಾಗಿಲಿನಿಂದ ಕೂಗಿದಳು. ಮನೆಯಲ್ಲಿ ಹುಟ್ಟಿದವಳು ಇಂಗ್ಲಿಷಿನಲ್ಲಿ ಉತ್ತರಿಸುವುದು, ಹೊರಗಿನಿಂದ ಬಂದವನು ಕನ್ನಡದಲ್ಲಿ ಮಾತಾಡುವುದು ಆ ಮನೆಯವರಿಗೆ ಎಂದೋ ಅಭ್ಯಾಸವಾಗಿಹೋಗಿತ್ತು.

ಸೌದಾಮಿನಿಯವರ ಗಂಡ ರೂಪರ್ಟ್ ತೀರಿಕೊಂಡು ಐದು ದಿನವಾಗಿತ್ತು. ದಹನಗೃಹದಲ್ಲಿ ಸರದಿ ಸಿಕ್ಕಿದ್ದು ಇವತ್ತು. ಎಪ್ಪತ್ತೊಂಬತ್ತು ವರ್ಷ ವಯಸ್ಸು, ಹೊಟ್ಟೆ ತುಂಬ ಊಟ, ಊಟದ ಮೇಲೆ ಕುರ್ಚಿಯಲ್ಲಿ ಒಂದು ಕೋಳಿನಿದ್ದೆ. ಆ ನಿದ್ದೆಯಿಂದ ಏಳಲಿಲ್ಲ, ಅಷ್ಟೇ. ಅಂಥ ಸಾವು ಸಿಗುವುದಾದರೆ ನಾಳೆಯೇ ಹೊರಡಲು ತಯಾರು ಎಂದು ಪಕ್ಕದ ಮನೆಯ ಮೆಹಬೂಬ್ ಸಾಬರು ಹೇಳಿ, ಹೆಂಡತಿ ಬಿಲ್ಕೀಸ್ ಅವರಿಂದ ಚೆನ್ನಾಗಿ ಬೈಸಿಕೊಂಡಿದ್ದರು.

ಈ ಸುತ್ತಿನ ಕನ್ನಡದವರ ಬಾಯಲ್ಲಿ ರೂಪರ್ಟ್ ಎಂದರೆ ಮಿಕ್ಸಿ ರೂಪಣ್ಣ. ಊರಿನಿಂದ ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದ ಮಿಕ್ಸಿ, ಗ್ರೈಂಡರುಗಳನ್ನು ಅಮೆರಿಕದ ಕರೆಂಟಿಗೆ ಒಗ್ಗುವಂತೆ ಹೊಸದಾಗಿ ತಂತಿ ಸುತ್ತಿ ವೈಂಡಿಂಗ್ ಮಾಡಿಕೊಡುತ್ತಿದ್ದ ಒಬ್ಬನೇ ಒಬ್ಬ ಮನುಷ್ಯ. ಕಾಗದದ ಪ್ರಕಾರ ಅವರು ಇಂಗ್ಲೆಂಡಿನ ಎಂಟನೆಯ ಬ್ಯಾರನ್ ಪೆನ್ವಿಕ್. ವಂಶಪಾರಂಪರ್ಯವಾಗಿ ಬಂದ ಬಿರುದು, ಅಂಥವರನ್ನು ಅಲ್ಲಿ ಲಾರ್ಡ್ ಎಂದು ಕರೆಯುತ್ತಾರೆ. ಯಾರಾದರೂ ತಮಾಷೆಗೆ 'ಲಾರ್ಡ್' ಎಂದು ಕರೆದರೆ, ಯಾರು ಬಂದರಪ್ಪಾ ಎಂದು ಅವರು ಹಿಂದಕ್ಕೆ ತಿರುಗಿ ನೋಡುತ್ತಿದ್ದರು.

ಸೌದಾಮಿನಿ ಹುಟ್ಟಿದ್ದು ಕಾರ್ಕಳದ ಹತ್ತಿರದ ಒಂದು ಗುತ್ತಿನ ಮನೆಯಲ್ಲಿ, ಎಂದರೆ ಊರಿನ ಹಳೆಯ ಯಜಮಾನರ ಮನೆತನದಲ್ಲಿ. ಅಲ್ಲಿ ಯಜಮಾನಿಕೆ ತಂದೆಯಿಂದ ಮಗನಿಗೆ ಹೋಗುವುದಿಲ್ಲ. ಸೋದರಮಾವನಿಂದ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಗನಿಗೆ ಇಳಿಯುತ್ತದೆ. ಅದಕ್ಕೆ ಗಡಿ ಎನ್ನುತ್ತಾರೆ. ಮಾವ ಕಣ್ಣು ಮುಚ್ಚಿದ ಮೇಲೆ ಅಳಿಯನನ್ನು ಹತ್ತು ಜನರ ಮುಂದೆ ಕೂರಿಸಿ, ಉಂಗುರ ತೊಡಿಸಿ, ಶಾಲು ಹೊದಿಸಿದರೆ ಅವನು ಗಡಿ ಹಿಡಿದ ಹಾಗೆ. ಊರಿನಲ್ಲಾದರೆ ಉತ್ತರಕ್ರಿಯೆಯೆಲ್ಲ ಮುಗಿದ ಮೇಲೆ ಒಳ್ಳೆಯ ದಿನ ನೋಡಿ ಮಾಡುವ ಕೆಲಸ. ಇಲ್ಲಿ ಇಷ್ಟು ಜನ ಮತ್ತೆ ಸೇರಬೇಕಾದರೆ ಇನ್ನೊಬ್ಬರು ಸಾಯಬೇಕು ಎಂದು ಯೋಚಿಸಿ, ಸೌದಾಮಿನಿ ಇವತ್ತೇ, ಊಟಕ್ಕೆ ಮೊದಲು ಎಂದು ಗೊತ್ತುಮಾಡಿದ್ದರು. ಡೆರಿಕ್ ರೂಪರ್ಟರ ಅಕ್ಕನ ಮಗ. ಇವತ್ತು ಮಧ್ಯಾಹ್ನ ಅವನು ಒಂಬತ್ತನೆಯ ಲಾರ್ಡ್ ಪೆನ್ವಿಕ್ ಆಗಬೇಕು.

ಆದರೆ ಇಂಗ್ಲೆಂಡಿನ ಕಾನೂನಿನಲ್ಲಿ ಅಳಿಯ ಲೆಕ್ಕಕ್ಕೇ ಇಲ್ಲ. ಬಿರುದು ಮಗನಿಗೆ, ಮಗನಿಲ್ಲದಿದ್ದರೆ ತಂದೆಯ ಕಡೆಯ ಗಂಡಸರಿಗೆ, ಅವರೂ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ರೂಪರ್ಟರಿಗೆ ಮಗನೂ ಇರಲಿಲ್ಲ, ದಾಯಾದಿಗಳೂ ಇರಲಿಲ್ಲ. ಪೆನ್ವಿಕ್ ಎಂಬ ಬಿರುದು ಐದು ದಿನದ ಹಿಂದೆ, ಮಧ್ಯಾಹ್ನದ ಆ ಕುರ್ಚಿಯಲ್ಲೇ ಮುಗಿದುಹೋಗಿತ್ತು. ಈ ಕಾನೂನು ಡೆರಿಕ್‌ಗೆ ಇಪ್ಪತ್ತೊಂದು ವರ್ಷದಿಂದ ಗೊತ್ತು. ಸೌದಾಮಿನಿಗೆ ಗೊತ್ತಿಲ್ಲ. ಹೇಳಬೇಕಾದವನು ಅವನೇ, ಹೇಳಲು ಹೆದರುತ್ತಿದ್ದವನೂ ಅವನೇ. ಹದಿನಾಲ್ಕನೆಯ ವಯಸ್ಸಿನಲ್ಲಿ ತನ್ನನ್ನು ಈ ಮನೆಗೆ ಕರೆತಂದದ್ದು ಮುಂದಿನ ಲಾರ್ಡ್ ಎಂಬ ಕಾರಣಕ್ಕೆ. ಆ ಕಾರಣವೇ ಸುಳ್ಳೆಂದಾದರೆ ಈ ಅಡುಗೆಮನೆಯಲ್ಲಿ ತಾನು ಯಾರು ಎಂಬುದು ಅವನಿಗೆ ತಿಳಿಯದು.

ಉಂಗುರ ತೆಗೆದುಕೊಟ್ಟು, ಕೈ ತೊಳೆದುಕೊಂಡು ಅವನು ಕಾರಿನ ಕಡೆ ನಡೆದ.

*

ಮೂವತ್ತೈದು ವರ್ಷದ ಹಿಂದೆ ಸೌದಾಮಿನಿ ಅಣ್ಣ ಜಯರಾಮನ ಮಕ್ಕಳನ್ನು ನೋಡಿಕೊಳ್ಳಲೆಂದು ಅಮೆರಿಕದ ಯೂನಿಯನ್ ಸಿಟಿಗೆ ಬಂದಿದ್ದರು. ಬಂದ ಎರಡನೆಯ ದಿನ, ಊರಿನಿಂದ ತಂದ ಮಿಕ್ಸಿಗೆ ತೆಂಗಿನಕಾಯಿ, ಕೊತ್ತಂಬರಿ ಹಾಕಿ ತಿರುಗಿಸಿದರು. ಇಲ್ಲಿಯ ಕರೆಂಟು ನಮ್ಮ ಕರೆಂಟಿನ ಅರ್ಧ. ಮಿಕ್ಸಿ ತಿರುಗುವ ಬದಲು ನರಳಿತು. ಬಿಟ್ಟರೆ ತಾನೇ ಸರಿಯಾಗುತ್ತದೆಂದು ಸೌದಾಮಿನಿ ಕಾಲು ಗಂಟೆ ಬಿಟ್ಟರು. ಹೊಗೆ ಬಂತು, ಅಪಾರ್ಟ್‌ಮೆಂಟಿನ ಅಲಾರಂ ಕೂಗಿತು, ನಲವತ್ತು ಮನೆಯವರು ಬೀದಿಗೆ ಬಂದು ನಿಂತರು. ಕೈಯಲ್ಲಿ ಮಿಕ್ಸಿ ಹಿಡಿದು ನಿಂತಿದ್ದ ಹೆಂಗಸನ್ನು ನೋಡಿ, ರೇಡಿಯೋ ರಿಪೇರಿಗೆಂದು ಅಲ್ಲಿಗೆ ಬಂದಿದ್ದ ರೂಪರ್ಟ್ ಹತ್ತಿರ ಬಂದರು. ಮೂಸಿದರು. ನಕ್ಕರು. ಮೂರು ದಿನ ಬಿಟ್ಟು ಅದನ್ನು ಸರಿಮಾಡಿ ತಂದುಕೊಟ್ಟರು. ಅಂಥ ಯಂತ್ರವನ್ನು ಅವರು ಅದಕ್ಕೆ ಮೊದಲು ಕಂಡೇ ಇರಲಿಲ್ಲ. ಅದರ ಮೇಲೆ ಅವರಿಗೆ ಪ್ರೀತಿ ಹುಟ್ಟಿತು. ಸೌದಾಮಿನಿಯವರ ಮೇಲೆ ಹುಟ್ಟಿದ್ದು ಆಮೇಲೆ ಎಂದು ಅವರೇ ಹೇಳಿ ಏಟು ತಿನ್ನುತ್ತಿದ್ದರು.

ಮದುವೆಗೆ ಒಂದು ವಾರ ಮೊದಲು ರೂಪರ್ಟ್ ತಮ್ಮ ಗ್ಯಾರೇಜಿನಲ್ಲಿ ಕೂತು, ಕಾಯಿಲೆಯ ವಿಷಯ ಹೇಳುವವರ ಹಾಗೆ ಅಳುಕುತ್ತ, ತಾವು ಲಾರ್ಡ್ ಎಂದು ಹೇಳಿದ್ದರು. ಮೊದಲನೆಯ ಬ್ಯಾರನ್ ಪೆನ್ವಿಕ್ ಟಿಪ್ಪುವಿನ ಮೇಲೆ ಯುದ್ಧಕ್ಕೆ ಹೋದ ಕಂಪನಿ ಸೈನ್ಯದ ಕುದುರೆಗಳಿಗೆ ಹುರುಳಿ ಒದಗಿಸಿದ ವ್ಯಾಪಾರಿ. ಅದಕ್ಕೆ ರಾಜ ಸಂತೋಷಪಟ್ಟು ಬಿರುದು ಕೊಟ್ಟ. ಎರಡನೆಯವನು ಎಂಬತ್ತು ಕಿಟಕಿಯ ಬಂಗಲೆ ಕಟ್ಟಿಸಿದ. ಮೂರನೆಯವನು ಬಂಗಲೆಯ ತುಂಬ ಬೇಟೆನಾಯಿ ಸಾಕಿದ. ನಾಲ್ಕನೆಯವನು ಇಸ್ಪೀಟಾಡಿದ. ಐದನೆಯವನಿಗೆ ಉಳಿದದ್ದು ಕಿಟಕಿ ಒರೆಸುವ ಕೆಲಸ. ಆರನೆಯವನು ಬಂಗಲೆಯನ್ನು ಒಂದು ಶಾಲೆಗೆ ಮಾರಿ, ಅದೇ ಶಾಲೆಯಲ್ಲಿ ಮಕ್ಕಳಿಗೆ ಕುದುರೆ ಸವಾರಿ ಕಲಿಸಿದ. ಏಳನೆಯವನು, ರೂಪರ್ಟರ ತಂದೆ, ಹಡಗಿನ ಮೆಕ್ಯಾನಿಕ್ ಆಗಿ ಅಮೆರಿಕಕ್ಕೆ ಬಂದು, ಪಕ್ಕದ ಊರು ಹೇವರ್ಡ್‌ನಲ್ಲಿ ನೆಲೆನಿಂತು ರೇಡಿಯೋ ಅಂಗಡಿ ಹಾಕಿದ.

ಕತೆ ಕೇಳಿ ಸೌದಾಮಿನಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಅಂದ್ರೆ ನಮ್ಮ ಊರಿನ ಹುರುಳಿಯಿಂದ ನೀವು ಲಾರ್ಡ್ ಆದದ್ದು!"

"ಬಟ್ ಇಟ್ ವೋಂಟ್ ಗೋ ಟು ಅವರ್ ಡಾಟರ್," ಎಂದರು ರೂಪರ್ಟ್. ಹೆಣ್ಣು ಹುಟ್ಟಿದರೆ ಅವಳಿಗೆ ಬರುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು ಅವರಿಗೆ ನ್ಯಾಯವೆನಿಸಿತ್ತು.

"ಅವಳಿಗೆ ಯಾಕೆ ಬರ್ತದೆ? ಅದು ನಿಮ್ಮ ಅಕ್ಕನ ಮಗನಿಗೆ ಅಲ್ವಾ?" ಎಂದು ಸೌದಾಮಿನಿ ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆಯಲ್ಲಿ ಹೇಳಿದರು. "ನಮ್ಮಲ್ಲೂ ಹಾಗೇ!"

ರೂಪರ್ಟ್ ಬಾಯಿ ತೆರೆದರು. ಎದುರಿಗೆ ಕೂತ ಹೆಂಗಸಿನ ಮುಖ ಅರಳಿತ್ತು. ಎಲ್ಲೋ ಏಳು ಸಮುದ್ರದಾಚೆಯ ಬಿಳಿಯರ ಮನೆಗೆ ಸೊಸೆಯಾಗಿ ಹೋಗುತ್ತಿದ್ದೇನೆಂಬ ಅವರ ಹೆದರಿಕೆ ಆ ಒಂದು ಮಾತಿನಲ್ಲಿ ಕರಗಿತ್ತು. ರೂಪರ್ಟ್ ಬಾಯಿ ಮುಚ್ಚಿದರು. ಆಮೇಲೆ ಹೇಳೋಣ ಎಂದುಕೊಂಡರು. ಮೂವತ್ತೈದು ವರ್ಷವೂ ಹಾಗೆಯೇ ಅಂದುಕೊಂಡರು.

*

ಹೇವರ್ಡ್‌ನ ದಹನಗೃಹದ ಹಾಲ್ ತುಂಬಿತ್ತು. ಬಂದವರಲ್ಲಿ ಮುಕ್ಕಾಲು ಪಾಲು ಸೀರೆ ಉಟ್ಟ ಹೆಂಗಸರು. ನೀಲಿ ಕೆಲಸದ ಅಂಗಿಯಲ್ಲಿ ಮಲಗಿದ್ದ ರೂಪಣ್ಣನ ಬಾಯಿಗೆ ಸೌದಾಮಿನಿ ತುಳಸಿ ನೀರು ಬಿಟ್ಟರು. ಜೇಬಿನಲ್ಲಿದ್ದ ಟೆಸ್ಟರನ್ನು ಅಲ್ಲಿಯ ನೌಕರ ಮೆತ್ತಗೆ ಹೊರತೆಗೆದು ತನ್ವಿಯ ಕೈಗೆ ಕೊಟ್ಟ. ಲೋಹ ಒಳಗೆ ಹೋಗುವಂತಿಲ್ಲವಂತೆ.

"ಭಾಳ ಛಲೋ ಮನಷ್ಯಾ ರೀ," ಎಂದು ಫ್ರೀಮಾಂಟಿನಿಂದ ಬಂದಿದ್ದ ಮುದುಕಿ ಶರಣವ್ವ ಪಕ್ಕದಲ್ಲಿದ್ದ ಬಿಲ್ಕೀಸ್‌ಗೆ ಹೇಳುತ್ತಿದ್ದರು. "ಹೂರಣ ರುಬ್ಬೂ ಮುಂದ ನಮ್ಮ ಮಿಕ್ಸಿ ಹೊಗಿ ಉಗಳ್ತು. ಇಂವಾ ಬಂದು ಬಿಚ್ಚಿ ಮೂಸಿ ನೋಡಿ, 'ಶರಣವ್ವಾ, ಬೆಲ್ಲ ಭಾಳ' ಅಂದಾ. ಹೌದ ಮತ್ತ, ಭಾಳ ಆಗಿತ್ತು!"

"ನಮ್ಮನ್ಯಾಗ ಈದಿಗೆ ಮಸಾಲಿ ಅರಿಯೋ ಮಿಕ್ಸಿ ಕೆಟ್ರ ಬೆಳಿಗ್ಗೆ ಏಳಕ್ಕೇ ಬಂದ್ಬಿಡ್ತಿದ್ರು," ಎಂದರು ಹುಬ್ಬಳ್ಳಿಯ ಬಿಲ್ಕೀಸ್. "ಬಂದು, ರಿಪೇರಿ ಮುಗದ ಮ್ಯಾಲೂ ಹೋಗ್ತಿದ್ದಿಲ್ಲ. ಬಿರಿಯಾನಿ ಆಗೂ ತನಕಾ ಚೆಕಿಂಗ್ ಅಂತ ಕುಂದರ್ತಿದ್ರು."

ಇಬ್ಬರೂ ನಗಲು ಹೋಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಕೊನೆಗೆ ದಹನದ ಗುಂಡಿ ಒತ್ತುವ ಹೊತ್ತು ಬಂದಾಗ ಸೌದಾಮಿನಿ ತನ್ವಿಯ ಕೈಯ ಮೇಲೆ ಡೆರಿಕ್‌ನ ಕೈಯನ್ನಿಟ್ಟರು. "ಇಬ್ಬರೂ ಒಟ್ಟಿಗೆ," ಎಂದರು. ಬಾಗಿಲು ಮುಚ್ಚಿತು. ಡೆರಿಕ್ ಹೊರಗೆ ಪಾರ್ಕಿಂಗ್ ಜಾಗಕ್ಕೆ ಬಂದು ಮುಖ ಒರೆಸಿಕೊಂಡ.

ಅಲ್ಲಿ ತಿರುಮಲೇಶ ಕಾದಿದ್ದರು. ಪ್ಲೆಸೆಂಟನ್ನಿನ ನಿವೃತ್ತ ಇಂಜಿನಿಯರ್, ಕನ್ನಡದವರ ಯಾವ ಸಭೆಯಲ್ಲೂ ತಪ್ಪದೆ ಮಾತಾಡುವವರು. ಕೈಯಲ್ಲಿ ಫೋನು, ಫೋನಿನಲ್ಲಿ ಭಾಷಣ.

"ನೋಡಪ್ಪಾ ಡೆರಿಕ್, ನಿಮ್ಮತ್ತೆ ನಂಗೊಂದು ಡ್ಯೂಟಿ ಕೊಟ್ಟಿದಾರೆ. ಊಟಕ್ಕೆ ಮುಂಚೆ ಎದ್ದು ನಿಂತು, ಇವರೇ ಒಂಬತ್ತನೇ ಲಾರ್ಡ್ ಪೆನ್ವಿಕ್ ಅಂತ ಅನೌನ್ಸ್ ಮಾಡ್ಬೇಕು. ಸರಿಯಾಗಿ ಹೇಳೋಣ ಅಂತ ರಾತ್ರಿ ಕೂತು ಎಲ್ಲಾ ಗೂಗಲ್ ಮಾಡ್ದೆ." ಅವರು ದನಿ ತಗ್ಗಿಸಿದರು. "ಅಕ್ಕನ ಮಗನಿಗೆ ಅದು ಬರೋದೇ ಇಲ್ಲ ಕಣಪ್ಪ. ರೂಪರ್ಟ್ ಸರ್ ಜೊತೆಗೇ ಟೈಟಲ್ಲೂ ಕ್ಲೋಸು."

"ವಾಟ್?" ಎಂದಳು ಆಗಷ್ಟೇ ಬಂದ ತನ್ವಿ. ಡೆರಿಕ್‌ನ ಮುಖ ನೋಡಿದಳು. "ಯು ನ್ಯೂ?"

"ಗೊತ್ತಿತ್ತು," ಎಂದ ಡೆರಿಕ್.

ತನ್ವಿ ಕಾರಿಗೆ ಒರಗಿ ನಿಂತಳು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದ್ದರ ಸಾರಾಂಶವಿಷ್ಟು: ಅಮ್ಮನಿಗೆ ಇವತ್ತೊಂದು ದಿನ ಹಾಗೇ ಇರಲಿ, ಇಂಗ್ಲೆಂಡಿನ ರಾಜನೇನೂ ಊಟಕ್ಕೆ ಬರುವುದಿಲ್ಲ, ಯಾರಿಗೆ ಏನು ನಷ್ಟ?

"ನಷ್ಟ ನಿಮ್ಮಮ್ಮಂಗೇ ಕಣಮ್ಮ," ಎಂದರು ತಿರುಮಲೇಶ. ಈಗ ಅವರ ದನಿಯಲ್ಲಿ ಭಾಷಣವಿರಲಿಲ್ಲ. "ಕನ್ನಡದವರ ಫೋನ್ ಗ್ರೂಪಲ್ಲಿ ಮುನ್ನೂರು ಜನ ಇದಾರೆ. ಇವತ್ತು ಚಪ್ಪಾಳೆ ತಟ್ತಾರೆ. ನಾಳೆ ಒಬ್ಬ ಗೂಗಲ್ ಮಾಡ್ತಾನೆ. ನಾಡಿದ್ದಿಂದ ಹಿಂದುಗಡೆ ಆಡ್ಕೊಂಡು ನಗ್ತಾರೆ. ಸೌದಾಮಿನಿಯವರನ್ನ ನೋಡಿ ಜನ ನಗೋದು ನಂಗೆ ಬೇಡ. ನೀವೇ ಅವರಿಗೆ ಹೇಳಿ, ಇಲ್ಲಾ ನಂಗೆ ಮಾತಾಡು ಅನ್ಬೇಡಿ."

ಡೆರಿಕ್ ತಲೆ ಆಡಿಸಿದ. ದೂರದಲ್ಲಿ ಸೌದಾಮಿನಿ ಒಬ್ಬೊಬ್ಬರ ಕೈ ಹಿಡಿದು, "ಊಟಕ್ಕೆ ಬರ್ಲೇಬೇಕು, ಇವತ್ತು ಒಂದು ಕಾರ್ಯಕ್ರಮ ಉಂಟು," ಎನ್ನುತ್ತಿದ್ದರು. ಆ ದುಃಖದ ನಡುವೆಯೂ ಅವರ ಮುಖದಲ್ಲಿ ಮದುವೆಮನೆಯ ಯಜಮಾನಿಯ ಗತ್ತಿತ್ತು.

*

ಡೆರಿಕ್‌ನ ತಾಯಿ ಎಲಿನರ್ ಫ್ರೆಸ್ನೋದಲ್ಲಿ ತೀರಿಕೊಂಡಾಗ ಅವನಿಗೆ ಹದಿನಾಲ್ಕು. ತಂದೆ ಎಂಬವನು ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಸರಕಾರದ ಕಚೇರಿಯ ಹೆಂಗಸೊಬ್ಬಳು ರೂಪರ್ಟ್‌ಗೆ ಫೋನ್ ಮಾಡಿ, ಹುಡುಗನನ್ನು ಇಟ್ಟುಕೊಳ್ಳುತ್ತೀರಾ, ಇಲ್ಲವೇ ಬೇರೆ ಮನೆ ನೋಡಬೇಕೇ ಎಂದು ಕೇಳಿದಳು. ಎರಡು ಕೋಣೆಯ ಮನೆ. ಹಾಲ್‌ನಲ್ಲಿ ಸೌದಾಮಿನಿ ನಡೆಸುತ್ತಿದ್ದ ಡೇಕೇರು, ಎಂಟು ಮಕ್ಕಳು. ರೂಪರ್ಟ್ ಫೋನ್ ಹಿಡಿದು ತಡವರಿಸಿದರು.

ಸೌದಾಮಿನಿ ಫೋನ್ ಕಸಿದುಕೊಂಡರು. ಅಲ್ಲಿಯವರೆಗೆ ಫ್ರೀವೇ ಹೆದ್ದಾರಿಯಲ್ಲಿ ಒಬ್ಬರೇ ಕಾರು ಓಡಿಸದಿದ್ದವರು, ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಒಬ್ಬರೇ ಮೂರು ಗಂಟೆ ಓಡಿಸಿದರು. ಗಂಡನಿಗೆ ಹೇಳಿದ್ದು ಒಂದೇ ಮಾತು: "ಗಡಿ ಹಿಡಿಯುವ ಅಳಿಯನನ್ನು ಯಾರಾದ್ರೂ ಸರಕಾರಕ್ಕೆ ಕೊಡ್ತಾರಾ?"

ಆ ಮಾತನ್ನು ಅವರು ಮುಂದೆಯೂ ಎಷ್ಟೋ ಸಲ, ಎಲ್ಲರ ಮುಂದೆ, ಹೆಮ್ಮೆಯಿಂದ ಹೇಳಿದ್ದರು. ಡೆರಿಕ್ ಅದನ್ನು ಕೇಳುತ್ತ ಕನ್ನಡ ಕಲಿತ, ನೀರುದೋಸೆ ಕಲಿತ, ಮಾವನ ಜತೆ ಕೂತು ತಂತಿ ಸುತ್ತುವುದನ್ನು ಕಲಿತ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗ್ಯಾರೇಜು ಗುಡಿಸಿ ಒರೆಸುವಾಗ ಪೆಟ್ಟಿಗೆಯೊಂದರಲ್ಲಿ ರಾಜನ ಮೊಹರಿನ ಕಾಗದದ ನಕಲು ಸಿಕ್ಕಿತು. ಬಿರುದು ವಂಶದ ಗಂಡುಮಕ್ಕಳಿಗೆ ಮಾತ್ರ ಎಂದು ಅದರಲ್ಲಿ ಬರೆದಿತ್ತು. ಮೂರು ಸಲ ಓದಿ ಮಾವನ ಮುಂದೆ ಹಿಡಿದ.

ರೂಪರ್ಟ್ ಕನ್ನಡಕ ತೆಗೆದು ಒರೆಸಿದರು. ನಿನ್ನ ಅತ್ತೆಗೆ ಹೇಳಬೇಕೆಂದು ಎಷ್ಟೋ ಸಲ ಹೊರಟೆ, ಧೈರ್ಯ ಬರಲಿಲ್ಲ ಎಂದರು. ನಾನು ಹೋದ ಮೇಲೆ ನೀನೇ ಹೇಳು, ನನಗಿಂತ ನಿನ್ನ ಕನ್ನಡ ಚೆನ್ನಾಗಿದೆ ಎಂದರು. ಒಳ್ಳೆಯ ಮನುಷ್ಯರು, ಅದರಲ್ಲಿ ಸಂದೇಹವಿಲ್ಲ. ಆದರೆ ಮಾತಿನ ಕೆಲಸವನ್ನು ಬ್ಯಾರನ್ ಆದಿಯಾಗಿ ಯಾವ ಗಂಡಸೂ ಇನ್ನೊಬ್ಬರ ತಲೆಗೆ ಕಟ್ಟಲು ಹಿಂದೆಮುಂದೆ ನೋಡುವುದಿಲ್ಲ.

*

ಸೌದಾಮಿನಿಯವರ ಮನೆಯ ಹಿತ್ತಿಲಿಗೆ ಹೋಗುವ ದಾರಿಯಲ್ಲಿ ತೋಟದ ಪೈಪು ಹಿಡಿದು ಮೆಹಬೂಬ್ ಸಾಬರು ಬಂದವರ ಕಾಲಿಗೆಲ್ಲ ನೀರು ಬಿಡುತ್ತಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಬಿಲ್ಕೀಸ್ ತಮ್ಮ ಮನೆಯಲ್ಲೇ ಅನ್ನ, ತೊವ್ವೆ, ಕುಂಬಳಕಾಯಿ ಪಲ್ಯ ಮಾಡಿಟ್ಟಿದ್ದರು. ಹಿತ್ತಿಲಲ್ಲಿ ಉದ್ದಕ್ಕೆ ಮಡಚುವ ಮೇಜುಗಳು. ಗ್ರೋಸರಿಯಿಂದ ತಂದ ಬಾಳೆಎಲೆಯ ಮಂಜು ಬಿಸಿಲಿಗೆ ಕರಗಿ ತೊಟ್ಟಿಕ್ಕುತ್ತಿತ್ತು.

ಸೌದಾಮಿನಿ ಶಾಲು ತರಲು ಗ್ಯಾರೇಜಿಗೆ ಹೋದರು. ಡೆರಿಕ್ ಹಿಂದೆಯೇ ಹೋಗಿ ಬಾಗಿಲು ಮುಂದೆ ಮಾಡಿದ. ಹಲಗೆಯ ಮೇಲೆ ಹೆಸರಿನ ಚೀಟಿ ಅಂಟಿಸಿದ ಒಂಬತ್ತು ಮಿಕ್ಸಿಗಳು ಸಾಲಾಗಿ ಕೂತಿದ್ದವು.

"ಮಾಮಿ, ಆ ಬಿರುದು ನಂಗೆ ಬರುದಿಲ್ಲ."

"ಬೇಡ ಅಂತ ಹೇಳ್ಬೇಡ ಮಾರಾಯ. ನಮ್ಮ ಜಯರಾಮಣ್ಣನೂ ಮೊದಲು ಹಾಗೇ ಹೇಳಿದ್ದು. ಮತ್ತೆ ಊರಿಗೆ ಹೋಗಿ ಗಡಿಯಲ್ಲಿ ಕೂತ್ಕೊಳ್ಳಲಿಲ್ವಾ?"

"ಬೇಡ ಅಂತಲ್ಲ. ಬರುದೇ ಇಲ್ಲ. ಇಂಗ್ಲೆಂಡಲ್ಲಿ ಅಳಿಯನಿಗೆ ಕೊಡುದಿಲ್ಲ. ಮಗನಿಗೆ ಮಾತ್ರ. ಮಾವನಿಗೆ ಮಗ ಇಲ್ಲ. ಸೋ, ಮುಗೀತು."

ಸೌದಾಮಿನಿ ಪೆಟ್ಟಿಗೆಯಿಂದ ತೆಗೆದ ಜರಿಯ ಶಾಲನ್ನು ಎದೆಗೆ ಹಿಡಿದುಕೊಂಡೇ ನಿಂತರು. "ಯಾರು ಹೇಳಿದ್ದು ನಿಂಗೆ?"

"ರಾಜನ ಕಾಗದದಲ್ಲಿ ಉಂಟು. ನನಗೆ ನೈನ್‌ಟೀನ್ ಆಗ."

"ಇವರಿಗೆ ಗೊತ್ತಿತ್ತಾ?"

"ಮೊದಲಿಂದ ಗೊತ್ತಿತ್ತು. ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

ಸೌದಾಮಿನಿ ಗಂಡನ ಸ್ಟೂಲಿನ ಮೇಲೆ ಕುಸಿದು ಕೂತರು. ಮುಖ ಕೆಂಪಾಯಿತು. "ಮೂವತ್ತೈದು ವರ್ಷ! ಮಿಕ್ಸಿಯ ಒಳಗೆ ಎಂತ ಹಾಳಾಗಿದೆ ಅಂತ ಮೂಗಿನಲ್ಲೇ ಕಂಡುಹಿಡಿಯುವ ಜನಕ್ಕೆ ಹೆಂಡತಿಯ ಹತ್ರ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ? ನಾನು ಊರಿಡೀ ಹೇಳಿಕೊಂಡು ಬಂದಿದ್ದೇನಲ್ಲ! ಎಂತ ಮಂಗ ಮಾಡಿದ್ರು ನನ್ನನ್ನು!" ಎಂದು ಎದುರಿಗಿದ್ದ ಮಿಕ್ಸಿಗಳಿಗೇ ಬೈದರು. ಬೈಯುತ್ತ ಬೈಯುತ್ತ, ತಾವು ಹೇಳಿದಾಗಲೆಲ್ಲ ಹ್ಞೂಂ ಹ್ಞೂಂ ಎಂದು ತಲೆಯಾಡಿಸಿ, ತಟ್ಟನೆ ಏನೋ ನೆನಪಾದವರಂತೆ ಗ್ಯಾರೇಜಿಗೆ ಓಡಿಹೋಗುತ್ತಿದ್ದ ಗಂಡನ ಚಿತ್ರ ಕಣ್ಣಿಗೆ ಕಟ್ಟಿ, ಅವರಿಗೇ ತಿಳಿಯದ ಹಾಗೆ ನಗು ಬಂತು. ನಗುವಿನ ಹಿಂದೆಯೇ ಐದು ದಿನದಿಂದ ತಡೆದಿಟ್ಟ ಅಳು ಬಂತು. ಡೆರಿಕ್ ಮೊಣಕಾಲೂರಿ ಪಕ್ಕದಲ್ಲಿ ಕೂತ. ಅಳು ನಿಲ್ಲುವವರೆಗೆ ಕಾದ.

"ಇನ್ನೊಂದು ಕೇಳ್ಲಿಕ್ಕುಂಟು," ಎಂದ. ದನಿ ಸಣ್ಣದಾಗಿತ್ತು. "ಫ್ರೆಸ್ನೋಗೆ ನೀವು ಬಂದದ್ದು ನಾನು ಲಾರ್ಡ್ ಆಗ್ತೇನೆ ಅಂತ, ಅಲ್ವಾ?"

"ಹೌದು," ಎಂದರು ಸೌದಾಮಿನಿ.

ಸುಳ್ಳು ಹೇಳುವುದು ಅವರಿಗೆ ಬಾರದು. ಈ ಉತ್ತರವೇ ಬರುತ್ತದೆಂದು ಇಪ್ಪತ್ತೊಂದು ವರ್ಷದಿಂದ ಡೆರಿಕ್‌ಗೆ ಗೊತ್ತಿತ್ತು. ಆದರೂ ಅವನು ನೆಲ ನೋಡಿದ.

"ಹೌದು ಮತ್ತೆ. ಅದಕ್ಕೇ ಬಂದದ್ದು. ಲಾರ್ಡ್ ಅಂದ್ರೆ ಹೇಗಿರ್ತಾನೋ ಅಂತ ಇಸ್ತ್ರಿ ಮಾಡಿದ ಸೀರೆ ಉಟ್ಕೊಂಡು ಬಂದೆ. ಅಲ್ಲಿ ನೋಡಿದ್ರೆ ನೀನು ಆ ಆಫೀಸಿನ ಮೆಟ್ಟಿಲಲ್ಲಿ ಕೂತಿದ್ದಿ, ಕೈಯಲ್ಲಿ ಕಸ ಹಾಕುವ ಕಪ್ಪು ಪ್ಲಾಸ್ಟಿಕ್ ಚೀಲ. ಅದರಲ್ಲಿ ನಿನ್ನ ಬಟ್ಟೆ. ಒಂದು ಪೆಟ್ಟಿಗೆ ಕೂಡ ಕೊಟ್ಟಿರ್ಲಿಲ್ಲ ಪಾಪಿಗಳು. ಕಾರಿನ ಹಿಂದೆ ಇಡು ಅಂದ್ರೆ ಇಡ್ಲಿಲ್ಲ. ದಾರಿಯುದ್ದಕ್ಕೂ ತೊಡೆ ಮೇಲೆ ಇಟ್ಕೊಂಡಿದ್ದಿ." ಸೌದಾಮಿನಿ ಶಾಲಿನ ತುದಿಯಲ್ಲಿ ಮೂಗು ಒರೆಸಿಕೊಂಡರು. "ನನ್ನ ಬುತ್ತಿಯ ಚಿತ್ರಾನ್ನ ತಿಂದು ನಿದ್ದೆ ಹೋದಿ. ಗಿಲ್ರಾಯ್ ಊರು ದಾಟುವಾಗ ಹಿಂದೆ ತಿರುಗಿ ನೋಡಿದೆ. ಆಮೇಲೆ ನನಗೆ ಲಾರ್ಡು ಗೀರ್ಡು ಎಂತದೂ ನೆನಪಿಲ್ಲ. ಜನರ ಹತ್ರ ಹೇಳುವಾಗ ಮಾತ್ರ ನೆನಪು ಮಾಡಿಕೊಂಡು ಹೇಳ್ತಿದ್ದೆ."

ಡೆರಿಕ್ ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡ.

"ಒಂದು ಹೇಳು," ಎಂದು ಸೌದಾಮಿನಿ ನೆಟ್ಟಗೆ ಕೂತರು. "ನೀನು ಇವರ ಅಕ್ಕನ ಮಗ ಹೌದೋ ಅಲ್ವೋ?"

"ಹೌದು."

"ಅದು ಸುಳ್ಳಲ್ಲ ಅಲ್ವಾ? ಅದನ್ನೂ ಆ ರಾಜ ಕಾಗದದಲ್ಲಿ ಬರೆದು ಅಳಿಸಿಲ್ಲ ಅಲ್ವಾ?"

"ಇಲ್ಲ."

"ಹಾಗಾದ್ರೆ ಅವನ ಬಿರುದು ಅವನೇ ಇಟ್ಕೊಳ್ಲಿ. ಹುರುಳಿ ಮಾರಿ ತಗೊಂಡದ್ದು, ಹೋದ್ರೆ ಹೋಗ್ಲಿ. ನಮ್ಮ ಮನೆಯ ಕಟ್ಟುಕಟ್ಟಳೆ ನಮ್ಮ ಹತ್ರ ಉಂಟು."

ಬಾಗಿಲ ಸಂದಿಯಲ್ಲಿ ತನ್ವಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಸೌದಾಮಿನಿ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಉಂಗುರ ತೆಗೆದು ಅವಳ ಅಂಗೈಯಲ್ಲಿಟ್ಟರು. "ಇದು ನಿಂಗೆ. ಚಿನ್ನ ಹೆಣ್ಣುಮಕ್ಕಳಿಗೆ. ಎಣ್ಣೆ ಹಾಕದೆ ಇವನ ಬೆರಳಿಗೆ ಹೋಗುದೂ ಇಲ್ಲ." ಶಾಲನ್ನು ಮಡಚಿ ಪೆಟ್ಟಿಗೆಗೆ ಹಾಕಿ, ಮುಖ ತೊಳೆದುಕೊಂಡು ಹೊರಗೆ ನಡೆದರು.

ಹಿತ್ತಿಲ ಬಾಗಿಲಲ್ಲಿ ತಿರುಮಲೇಶ ಚಡಪಡಿಸುತ್ತಿದ್ದರು. "ಮೇಡಂ, ಅನೌನ್ಸ್‌ಮೆಂಟು..."

"ಬೇಡ. ಹೇಳುವಂಥದ್ದು ಎಂತದೂ ಇಲ್ಲ. ಎಲೆ ಹಾಕ್ಲಿಕ್ಕೆ ಹೇಳಿ."

ಜೀವಮಾನದಲ್ಲಿ ಮೊದಲ ಬಾರಿಗೆ ಭಾಷಣ ತಪ್ಪಿದ್ದಕ್ಕೆ ತಿರುಮಲೇಶ ಸಂತೋಷಪಟ್ಟು ಫೋನನ್ನು ಜೇಬಿಗೆ ಹಾಕಿಕೊಂಡರು.

ನಲವತ್ತು ಎಲೆ ಬಿದ್ದವು. ಸೌದಾಮಿನಿ ಡೆರಿಕ್‌ನ ತೋಳು ಹಿಡಿದು ಮೊದಲನೆಯ ಮೇಜಿನ ಮೂಡಣ ತುದಿಯಲ್ಲಿ, ಸಾಲಿನ ಮೊದಲ ಎಲೆಗೆ ಕೂರಿಸಿದರು. ಅದರ ಪಕ್ಕದಲ್ಲಿ ತನ್ವಿ, ಅದರಾಚೆ ತಾವು. ಬಿಲ್ಕೀಸ್ ಮತ್ತು ಇನ್ನಿಬ್ಬರು ಅನ್ನ ಬಡಿಸಿದರು, ತೊವ್ವೆ ಬಡಿಸಿದರು, ಪಲ್ಯ ಬಡಿಸಿದರು. ಬಿಸಿ ಅನ್ನದ ಹಬೆ ಏಳುತ್ತಿತ್ತು. ಬೇಲಿಯಾಚೆ ಬಾರ್ಟ್ ರೈಲೊಂದು ಸದ್ದು ಮಾಡುತ್ತ ಹೋಯಿತು.

ಯಾರೂ ಉಣ್ಣಲಿಲ್ಲ. ಗುತ್ತಿನ ಮನೆಯಲ್ಲಿ ಯಜಮಾನ ಮೊದಲ ತುತ್ತು ಎತ್ತುವ ತನಕ ಸಾಲಿನಲ್ಲಿ ಯಾರೂ ಅನ್ನ ಮುಟ್ಟುವುದಿಲ್ಲ. ಸೌದಾಮಿನಿ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದರು. ಅದನ್ನು ಕಂಡು ಉಡುಪಿ, ಮಂಗಳೂರು ಕಡೆಯವರಿಗೆ ವಿಷಯ ತಿಳಿಯಿತು. ಅವರೂ ಕೈ ಕೆಳಗಿಟ್ಟರು. ಅವರನ್ನು ನೋಡಿ ಉಳಿದವರೂ ಸುಮ್ಮನಾದರು. ಅನ್ನಕ್ಕೆ ಕೈ ಹಾಕಿದ್ದ ತಿರುಮಲೇಶ ಅತ್ತಿತ್ತ ನೋಡಿ ಕೈ ಹಿಂದೆಗೆದುಕೊಂಡರು. ಶರಣವ್ವ ಮೊಮ್ಮಗಳ ಮಣಿಕಟ್ಟು ಹಿಡಿದರು.

ಡೆರಿಕ್‌ಗೆ ಹಸಿವಾಗಿತ್ತು. ಯಾರೋ ಮಾತಾಡುವುದಿದೆಯೇನೋ, ಪ್ರಾರ್ಥನೆಯೇನೋ ಎಂದು ಅವನೂ ಕೈ ಕಟ್ಟಿ ಕೂತ. ಕೊನೆಗೆ ತನ್ವಿಯ ಕಡೆ ಬಗ್ಗಿ, "ಎಲ್ಲರೂ ಯಾರಿಗೆ ಕಾಯ್ತಾ ಇದ್ದಾರೆ?" ಎಂದು ಪಿಸುಗುಟ್ಟಿದ.

"ನಿಂಗೆ," ಎಂದಳು ತನ್ವಿ, ಕನ್ನಡದಲ್ಲಿ.

ಅವನು ತಲೆಯೆತ್ತಿ ಸಾಲಿನ ಆ ತುದಿಯವರೆಗೂ ನೋಡಿದ. ಆಮೇಲೆ ಸೌದಾಮಿನಿಯನ್ನು ನೋಡಿದ. ಅವರು ತಮ್ಮ ಎಲೆಯನ್ನೇ ನೋಡುತ್ತ, ಎಲ್ಲರಂತೆ ಕಾಯುತ್ತಿದ್ದರು. ಡೆರಿಕ್ ಅನ್ನಕ್ಕೆ ತೊವ್ವೆ ಕಲಸಿ ತುತ್ತು ಬಾಯಿಗಿಟ್ಟ. ಹಿತ್ತಿಲಿನ ಉದ್ದಕ್ಕೂ ಅಷ್ಟೂ ಕೈಗಳು ಒಟ್ಟಿಗೆ ಎಲೆಗೆ ಇಳಿದವು.